ಎಡಗಡಿ ಆನಿ

ಅಕ್ಟೋಬರ್ 9, 2025. ಹಿರೇಕೆರೂರು

ತಮ್ಮ ಪರಮೇಶಪ್ಪಗ ಅಕ್ಕ ಸರೋಜವ್ವ ಮಾಡೂ ಆಶೀರ್ವಾದ. ಇಲ್ಲಿ ನಾವೆಲ್ಲಾ ಆರಾಮ. ಹಾನಗಲ್ಲಿನಾಗ ನೀ ಆರಾಮ ಅದೀಯೇನು? ನಿನ್ನ ಹೇಂತಿ ಬಸಲಿಂಗವ್ವ ಆರಾಮ ಅದಾಳೇನು, ಆಕಿ ಮಣಕಾಲು ಆರಾಮ ಅದಾವೇನು? ನಿನ್ನ ಸಕ್ಕರಿ ಕಾಯಿಲಿ ಆರಾಮ ಐತೇನು? ನಾ ನೋಡಿ ಒಂಬತ್ತು ವರ್ಷ ಆತು, ಈಗ ಚಲೋ ಬೆಳದು ದೊಡ್ಡದಾಗಿರಬೇಕು. ಗೊಡ್ಡೆಮ್ಮಿ ಆರಾಮ ಐತೇನು? ನಿನ್ನ ಹಟ ಆರಾಮ ಐತೇನು?

ಇಷ್ಟು ಕೇಳಿದ ಮ್ಯಾಲೆ ಹೇಳಿಬಿಡ್ತೇನಿ, ಇದನ್ನ ನಿನಗ ಕಳಸಂಗಿಲ್ಲ. ಇದು ಕಾಗದ ಅಲ್ಲ, ಡೈರಿ. ಮಗ ಶಂಭುಲಿಂಗಗ ಬೀಜದ ಅಂಗಡಿಯವರು ಕೊಟ್ಟದ್ದು, ಮ್ಯಾಲೆ ಗೋವಿನಜೋಳದ ತೆನಿ ಚಿತ್ರ ಐತಿ. ಮೊಮ್ಮಗಳು ಅಂಕಿತಾ, "ಅಜ್ಜಿ, ದಿನಾ ನಮ್ಮ ತಲಿ ತಿನ್ನೂದು ಬಿಟ್ಟು ಇದರಾಗ ಬರಿ" ಅಂತ ಕೈಯಾಗ ಇಟ್ಟಾಳ. ಕುಂತು ನೋಡಿದೆ. ನನಗ ನನ್ನ ಜೋಡಿನ ಮಾತಾಡಾಕ ಬರಂಗಿಲ್ಲ. ನಾ ಸಾಲಿ ಕಲತಾಕಿ ಅಲ್ಲ. ನಲವತ್ತನೇ ವರ್ಷಕ್ಕ ಬಸ್ಸಿನ ಬೋರ್ಡ್ ನೋಡಿ ಅಕ್ಷರ ಕಲತಾಕಿ. ಹಾವೇರಿ, ಹಾನಗಲ್, ಸವಣೂರು, ಇವ ನನ್ನ ಅ ಆ ಇ. ಆಮ್ಯಾಲೆ ಬರದದ್ದೆಲ್ಲಾ ಬರೇ ಕಾಗದ. ಎದುರಿಗೆ ಯಾರರೆ ಇದ್ರನ ನನ್ನ ಕೈ ಓಡತೈತಿ. ಅದಕ್ಕ ನಿನಗ ಬರಿಯಾಕತ್ತೇನಿ. ಪ್ರೀತಿ ಉಕ್ಕಿ ಬಂದು ಅಲ್ಲ. ಬೈಯಾಕ ನಿನ್ನಷ್ಟು ಅನುಕೂಲದ ಮನಿಷಾ ನನಗ ಇನ್ನೊಬ್ಬ ಇಲ್ಲ.

ಈಗ ಸುದ್ದಿ. ಮೊಮ್ಮಗ ಸಂಜಯಗ ಹೆಣ್ಣು ಗೊತ್ತಾಗೇತಿ. ಶಿಗ್ಗಾಂವಿ ಕಡೆ ಹಿರೇಬೆಂಡಿಗೇರಿ, ಹುಡುಗಿ ಹೆಸರು ರಂಜನಾ. ನಿಶ್ಚಯಕ್ಕ ನಿನಗ ಹೇಳಿ ಕಳಸಲಿಲ್ಲ, ಬೇಕಂತನ. ನವೆಂಬರ್ ಐದಕ್ಕ ಗೌರಿ ಹುಣ್ಣಿವಿ. ನಿಶ್ಚಯ ಆದ ಹುಡುಗಿಗೆ ಗಂಡಿನ ಮನಿಯವರು ಸಕ್ಕರಿ ಆರತಿ ಒಯ್ಯಬೇಕಲ್ಲ. ನಿನ್ನೆ ಆ ಹುಡುಗಿ ಫೋನಿನಾಗ, "ಅಜ್ಜಿ, ಸಕ್ಕರಿ ಗೊಂಬಿ ಯಾರೂ ತಿನ್ನಂಗಿಲ್ರಿ, ಇರಬಿ ತಿಂತಾವ. ಚಾಕಲೇಟಿಂದು ಮಾಡಾಕ ಬರತೈತೇನ್ರಿ?" ಅಂದ್ಲು. ಚಾಷ್ಟಿಗೆ ಅಂದ್ಲೋ ಖರೇನ ಅಂದ್ಲೋ, ನನ್ನ ಬಾಯಿ ಸುಮ್ನ ಇರತೈತೇನು? "ಬರಲಾರದ ಏನವ್ವಾ! ನಮ್ಮ ತವರಮನಿ ಸಾಗವಾನಿ ಅಚ್ಚು ಅದಾವ. ಆನಿ, ಒಂಟಿ, ಬಸವಣ್ಣ, ನವಿಲು, ತೊಟ್ಟಿಲು. ಆನಿ ಅಂದ್ರ ನಿನ್ನ ಮೊಳಕೈಯಷ್ಟು ಎತ್ತರ. ನನ್ನ ಕೈಲೇ ಎರದು ತರ್ತೇನಿ" ಅಂದುಬಿಟ್ಟೆ. ಸಂಜಿ ಆಗೂದರಾಗ ಆಕಿ ಓಣಿ ತುಂಬ ಹೇಳಿಬಿಟ್ಟಾಳ. ಅವರವ್ವ ಫೋನ್ ಮಾಡಿ, "ಆನಿ ನೋಡಾಕ ನಲವತ್ತು ಮಂದಿ ಬರಾವ್ರದಾರ್ರಿ" ಅಂದ್ರು.

ಅಚ್ಚು ಅದಾವ, ಖರೆ. ಅರ್ಧ ಅದಾವ.

ನಿನಗ ಗೊತ್ತಿದ್ದದ್ದ, ಆದ್ರೂ ಬರೀತೇನಿ. ಒಂದೊಂದು ಅಚ್ಚೂ ಎರಡು ಹೋಳು, ಎಡಗಡಿದೊಂದು, ಬಲಗಡಿದೊಂದು. ಎರಡನ್ನೂ ಜೋಡಿಸಿ ಹಗ್ಗ ಬಿಗದು ಪಾಕ ಎರದ್ರ ನಡುವ ಆನಿ. ಅವ್ವ ತೀರಿಕೊಂಡು ಕಾರ್ಯಾ ಮುಗದ ಮರುದಿನ ಹದಿನೆಂಟು ಅಚ್ಚು ಕಟ್ಟಿ ಮ್ಯಾಲೆ ಹರವಿದ್ರು. "ಅಚ್ಚು ಮನಿವು, ಮನಿ ಮಗಂದು" ಅಂದಿ ನೀನು. "ಅಚ್ಚು ಎರದ ಕೈವು. ಅವ್ವನ ಜೋಡಿ ಎರದಾಕಿ ನಾನು. ನೀ ಏನು, ಹಗ್ಗ ಹಿಡದಾವ" ಅಂದೆ ನಾನು. ಒಂಬತ್ತು ಒಂಬತ್ತು ಹಂಚ್ಕೊಳ್ರಿ ಅಂದ್ರು ಹಿರೇರು. ಆದ್ರ ಆನಿ ಒಂದ ಇತ್ತು. ನನಗೂ ಆನಿ, ನಿನಗೂ ಆನಿ. ಕಡೀಕ ಒಬ್ಬ ಹಿರೇ ಮನಿಷಾ ಬ್ಯಾಸತ್ತು, "ಹಂಗಾರ ಆನಿ ಒಂದು ಹೋಳು ಆಕಿಗೆ, ಒಂದು ಹೋಳು ಇವಂಗ ಕೊಡ್ರಿ" ಅಂದ. ಇಬ್ಬರೊಳಗ ಯಾರರೆ ನಾಚಿ ಬ್ಯಾಡ್ರಿ ಅಂತಾರ ಅಂತ ತಿಳದಿದ್ದ. ಯಾರೂ ಅನ್ನಲಿಲ್ಲ. ಆನಿ ಆದ ಮ್ಯಾಲೆ ಒಂಟಿ, ಒಂಟಿ ಆದ ಮ್ಯಾಲೆ ಬಸವಣ್ಣ. ಸಂಜಿಗೆ ಹದಿನೆಂಟು ಎಡಗಡಿ ಚೀಲಕ್ಕ ಹಾಕ್ಕೊಂಡು ನಾ ಬಸ್ಸು ಹತ್ತಿದೆ. ಅವತ್ತಿನಿಂದ ನೀ ಒಂದು ಗಿಣಿ ಎರದಿಲ್ಲ, ನಾನೂ ಎರದಿಲ್ಲ. ಎಂಥಾ ಶಾಣ್ಯಾ ಮಕ್ಕಳನ್ನ ಹಡದಿದ್ಲು ನಮ್ಮವ್ವ.

ನಿನ್ನ ಬಲಗಡಿ ನಾ ಕೇಳೂದಿಲ್ಲ. ಬ್ಯಾರೆ ದಾರಿ ಇದ್ದ ಇರತೈತಿ.

ಅಕ್ಟೋಬರ್ 12

ದಾರಿ ಬಾಜೂ ಮನ್ಯಾಗ ಸಿಕ್ಕಿತು. ಮಾಸೂಮಾ ಅಂತ, ಗಂಡ ಹಯಾತ ಬೈಕ್ ರಿಪೇರಿ ಗ್ಯಾರೇಜ್ ಇಟ್ಟಾನ. ಆಕಿ ಮೊಬೈಲ್ ನೋಡಿ ಚಾಕಲೇಟ್ ಕಲತಾಳ, ಹುಟ್ಟಿದಹಬ್ಬಕ್ಕ ಮಾಡಿಕೊಡ್ತಾಳ. ಹೊಕ್ಕಗೊಳೇನ ಬೈದೆ. ಅಡಗಿ ಕಟ್ಟಿ ಮ್ಯಾಲೆ ತುಕ್ಕು ಹಿಡದ ಪಾನಾ, ಒಂದು ಬೀಗ, ಒಂದು ಹವಾಯಿ ಚಪ್ಪಲ್ ಕುಂತಿದ್ವು.

"ಏನವ್ವಾ ಮಾಸೂಮಾ, ಇದು ಅಡಗಿಮನಿಯೋ ನಿನ್ನ ಗಂಡನ ಗ್ಯಾರೇಜೋ? ಚಪ್ಪಲಿ ಕಟ್ಟಿ ಮ್ಯಾಲೆ ಇಡ್ತಾರೇನು?"

"ಕಡದು ನೋಡ್ರಿ ಅಜ್ಜಿ" ಅಂದ್ಲು.

ಎಪ್ಪತ್ತನೇ ವರ್ಷಕ್ಕ ಚಪ್ಪಲಿ ಕಡದೆ, ಪರಮೇಶಾ. ಹಿಮ್ಮಡದ ಕಡೆ. ಬಾಯಾಗ ಇಟ್ಟಗೊಳೇನ ಕರಗಿ ಹೋತು. ಪಾನಾದ ಮ್ಯಾಲಿನ ತುಕ್ಕು ಅಂದ್ರ ಅದು ಕೋಕೋ ಪುಡಿ ಅಂತ. ಹೋದ ವಾರ ಹಯಾತ ಅವಸರದಾಗ ಆ ಪಾನಾನ ಗ್ಯಾರೇಜಿಗೆ ಒಯ್ದಿದ್ದನಂತ. ನಟ್ಟಿಗೆ ಹಚ್ಚಿ ತಿರುವಿದ್ರ ಪಟಕ್ಕನ ಮುರದು ಕೈಗೆ ಬಂತು. ಬೈಕಿನಂವ ಕಣ್ಣು ಬಿಟ್ಟು ನೋಡಾಕತ್ತಿದ್ದ. ಹಯಾತ ಉಳದ ತುಂಡು ಬಾಯಾಗ ಹಾಕ್ಕೊಂಡು ಅಗಕೋತ, "ಈಗೀಗ ಮಾಲ ಹಿಂಗ ಬರಾಕತ್ತೇತ್ರಿ" ಅಂದನಂತ.

ನಕ್ಕು ನಕ್ಕು ನನ್ನ ಹಲ್ಲಿನ ಸೆಟ್ಟು ಸಡಲಾತು.

ಮಾಸೂಮಾ ಒಪ್ಪಿದ್ಲು. "ಅಚ್ಚು ನೀವು ತರ್ರಿ, ಚಾಕಲೇಟ್ ನಾ ಕರಗಿಸ್ತೇನಿ, ಎರಿಯೂದು ನಿಮ್ಮ ಕೈ." ಅಟ್ಟ ಹತ್ತಿ ಅಚ್ಚಿನ ಚೀಲ ಇಳಿಸಿದೆ. ಉಳ್ಳಾಗಡ್ಡಿ ಚೀಲದ ಬುಡಕ್ಕ ಬಿದ್ದಿತ್ತು. ಆನಿ ಹೊಟ್ಟ್ಯಾಗ ಹಲ್ಲಿ ಎರಡು ತತ್ತಿ ಇಟ್ಟಿತ್ತು. ಅಂತೂ ಆನಿ ಖಾಲಿ ಕುಂತಿರಲಿಲ್ಲ.

ಅಕ್ಟೋಬರ್ 14

ಬೈಸಿಕೊಂಡೆ. ಅದೂ ಮೂವತ್ತು ವರ್ಷದ ಹುಡುಗಿ ಕಡೆ.

ನಾವು ಸಕ್ಕರಿ ಎರಿಯೂ ಮುಂದ ಅಚ್ಚು ಏನು ಮಾಡ್ತಿದ್ವಿ? ಹಿಂದಿನ ದಿನಾನ ನೀರಾಗ ನೆನಿ ಹಾಕ್ತಿದ್ವಿ. ಕಟಗಿ ನೀರು ಕುಡದಿದ್ರ ಪಾಕ ಹಿಡಕೊಳ್ಳಂಗಿಲ್ಲ, ಗೊಂಬಿ ಸಲೀಸು ಬಿಡತೈತಿ. ಅದನ್ನ ಕೇಳಿ ಮಾಡೂದೇನೈತಿ? ನೆನಿ ಹಾಕಿದೆ. ಮುಂಜಾನೆ ನೀರು ಸೋರೂ ಆನಿ ತಗೊಂಡು ಹೋದೆ. ಮಾಸೂಮಾ ಕರಗಿಸಿದ ಚಾಕಲೇಟ್ ಹೆಂಗ ಹೊಳೀತಿತ್ತಂದ್ರ ಅದರಾಗ ಮಾರಿ ನೋಡಿ ಕುಂಕುಮ ಹಚ್ಕೊಬಹುದಿತ್ತು. ಅಚ್ಚಿಗೆ ಎರದೆ. ಎರದದ್ದ ತಡ, ಹೊಳಪು ಹೋತು, ಗಂಟು ಗಂಟಾತು, ಕಡೀಕ ನಿನ್ನ ಎಮ್ಮಿ ಬೇಸಗ್ಯಾಗ ಹಾಕೂ ಸಗಣಿ ಇದ್ದಂಗಾತು.

"ಯಾ ಅಲ್ಲಾ! ಅಜ್ಜಿ, ನೀರಾಗ ನೆನಸೀರೇನ್ರಿ?"

"ನೆನಸದ ಮತ್ತೇನು? ನಮ್ಮವ್ವ, ನಮ್ಮವ್ವನ ಅವ್ವ, ಎಲ್ಲಾರೂ ನೆನಸಿದಾರ."

"ಅವರು ಚಾಕಲೇಟ್ ನೋಡಿದ್ರೇನ್ರಿ? ಇದಕ್ಕೂ ನೀರಿಗೂ ದುಶ್ಮನಿ. ಒಂದು ಹನಿ ಬಿದ್ರ ಮುಗೀತು. ನಾ ಚಮಚಾ ಸುದ್ದಾ ಅರಿವಿಲೇ ಒರಸೇನಿ, ನೀವು ಕೆರೀನ ಹೊತ್ತು ತಂದೀರಿ!"

ಎರಡು ಕಿಲೋ ಮಾಲು ಹಾಳಾತು. ಪುಣ್ಯಾಕ್ಕ ಆಕಿ ಅದನ್ನ ಹಾಲಿಗೆ ಹಾಕಿ ಕುದಿಸಿ ಓಣಿ ಹುಡುಗರಿಗೆ ಕುಡಿಸಿದ್ಲು. ಅಚ್ಚು ಬಿಸಲಿಗೆ ಹಾಕೇನಿ. ನೀ ಇದ್ದಿದ್ರ ನೀನೂ ನೆನಸ್ತಿದ್ದಿ, ನನಗ ಖಾತ್ರಿ ಐತಿ. ಇಬ್ಬರೂ ಕೂಡಿ ಬೈಸಿಕೊಳ್ತಿದ್ವಿ.

ಅಕ್ಟೋಬರ್ 17

ಒಣಾ ಅಚ್ಚು, ಒಳಗ ತೆಳ್ಳಗ ತುಪ್ಪ, ಆಮ್ಯಾಲೆ ಫ್ರಿಜ್ಜು. ಬೋರಲ ಹಾಕಿ ಬೆನ್ನಿಗೆ ಎರಡು ಬಡದೆ. ಬಿತ್ತು! ಆನಿ. ಕಿವಿ ಮ್ಯಾಲಿನ ಗೆರಿ, ಕಾಲಿನ ಗೆಜ್ಜಿ, ಅಂಬಾರಿ ಮಣಿ, ಒಂದೂ ಬಿಡಲಾರದಂಗ. ಒಂದ ಕಣ್ಣು, ಎರಡ ಕಾಲು, ಬೆನ್ನು ಸಪಾಟು. ತಾಟಿನಾಗ ಮಲಗಿಸಿದ್ರ ಚಂದ ಕಾಣತೈತಿ. ನಿಲ್ಲಿಸಿದ್ರ ಕುಡದಾವ್ರಂಗ ಬೀಳತೈತಿ.

ಬೀಗರ ಮನಿಗೆ ಅರ್ಧ ಆನಿ ಒಯ್ದು, ಉಳದರ್ಧ ಮದವಿಗೆ ಕೊಡ್ತೇವಿ ಅನ್ನಾಕ ಬರಂಗಿಲ್ಲ. ಆದ್ರ ನನಗೊಂದು ಇಚಾರ ಹೊಳದೈತಿ. ನಿನ್ನ ಹಂಗು ಬೇಕಾಗಿಲ್ಲ.

ಅಕ್ಟೋಬರ್ 19

ನನ್ನ ಇಚಾರ ಏನಿತ್ತಂದ್ರ, ಎಡಗಡಿ ಎರಡು ಸಲ ಎರದು, ಸಪಾಟು ಬೆನ್ನಿಗೆ ಬಿಸಿ ಚಾಕಲೇಟ್ ಹಚ್ಚಿ ಎರಡನ್ನೂ ಅಂಟಿಸಿಬಿಡೂದು. ಅರ್ಧ ಅರ್ಧ ಕೂಡಿ ಒಂದು. ಲೆಕ್ಕ ಬರೋಬ್ಬರಿ ಇತ್ತು. ಮಾಸೂಮಾನೂ ಹೂಂ ಅಂದ್ಲು.

ಅಂಟಿಸಿ, ನಿಲ್ಲಿಸಿ, ಇಬ್ಬರೂ ದೂರ ಸರದು ನೋಡಿದ್ವಿ.

ಎರಡೂ ಎಡಗಡಿ, ತಮ್ಮಾ. ಬೆನ್ನಿಗೆ ಬೆನ್ನು ಕೂಡಿಸಿದ್ರ ಒಂದರ ಮಾರಿ ಇದ್ದಲ್ಲಿ ಇನ್ನೊಂದರ ಕುಂಡಿ ಬರತೈತಿ. ಈ ತುದಿಗೆ ಅರ್ಧ ಸೊಂಡಿಲು, ಅದಕ್ಕ ಹತ್ತಿಕೊಂಡು ಅರ್ಧ ಬಾಲ. ಆ ತುದಿಗೂ ಹಂಗ. ಈ ಕಡೆಯಿಂದ ನೋಡಿದ್ರೂ ಎಡಕ್ಕ ಹೊಂಟೈತಿ, ಆ ಕಡೆಯಿಂದ ನೋಡಿದ್ರೂ ಎಡಕ್ಕ ಹೊಂಟೈತಿ. ನಾಕು ಕಾಲಿನ ಮ್ಯಾಲೆ ಗಟ್ಟಿಯಾಗಿ ನಿಂತು ಎಲ್ಲಿಗೂ ಹೋಗಲಾರದ ಆನಿ.

ಅಂಕಿತಾ ಬಂದು ನೋಡಿ ನೆಲಕ್ಕ ಕುಂತು ನಕ್ಕಳು. ನಕ್ಕು ಫೋಟೋ ಹೊಡದ್ಲು. ಹೊಡದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ಲು. ಅರ್ಧಾ ತಾಸಿನಾಗ ಆಕಿ ಫೋನ್ ಟುಣಕ್ ಅಂತು.

"ಅಜ್ಜಿ, ಹಾನಗಲ್ ಅಜ್ಜ ವಾಯ್ಸ್ ಕಳಸ್ಯಾನ."

"ಅವನ ನಂಬರ ನಿನ್ನ ಕಡೆ ಯಾಕೈತಿ?"

"ಜಗಳ ನಿಮ್ಮದು ಅಜ್ಜಿ. ನನಗ ಯಾರೂ ಹಂಚಿ ಕೊಟ್ಟಿಲ್ಲ."

ಬಾಯಿ ನೋಡು ಹುಡುಗೀದು. ಹಚ್ಚಿದ್ಲು. ಬರೇ ನಗು. ನೀ ನಗೂದು, ಆಮ್ಯಾಲೆ ಕೆಮ್ಮೂದು, ಮತ್ತ ನಗೂದು, ಹಿಂದ ಬಸಲಿಂಗವ್ವ "ಏನಾತ್ರಿ, ನೀರು ತರ್ಲೇನು" ಅನ್ನೂದು. ಕಡೀಕ ಒಂದ ಮಾತು, "ಅಕ್ಕನ ಕೈಲಾಸ ಇದು." ಅದು ಕೈಲಾಸೋ, ಕೈ ಕೆಲಸೋ, ಕೆಮ್ಮಿನಾಗ ತಿಳೀಲಿಲ್ಲ. ಅದಕ್ಕ ಮತ್ತ ಮೂರು ಸಲ ಹಚ್ಚಿಸಿ ಕೇಳಿದೆ. ಬ್ಯಾರೆ ಏನೂ ಕಾರಣ ಇಲ್ಲ.

ಆ ಆನಿ ಇನ್ನೂ ತಿಂದಿಲ್ಲ. ಫ್ರಿಜ್ಜಿನಾಗ ಜಾಗಾ ಹಿಡದೈತಿ.

ಅಕ್ಟೋಬರ್ 24

ಪಾಡ್ಯಾ ಮುಗಿಸಿ ಶಂಭುಲಿಂಗ ಹಾನಗಲ್ಲಿಗೆ ಹೋಗಿ ಬಂದ. ನಾ ಕಳಿಸಿದ್ದಲ್ಲ. ಗೋವಿನಜೋಳದ ಕೆಲಸ ಇತ್ತು ಅವಂಗ. ಹೆಂಗೂ ಹೊಂಟಾನಲ್ಲ ಅಂತ, ನಿಮ್ಮ ಮಾವನ ಕಡೆ ಬಲಗಡಿ ಎಂಟು ದಿನದ ಮಟ್ಟಿಗೆ ಇಸಗೊಂಡು ಬಾ, ಆನಿದೊಂದ ಸಾಕು ಅಂದಿದ್ದೆ.

ಬರಿಗೈಲೇ ಬಂದ. "ಕೊಡಂಗಿಲ್ಲ ಅಂದ ಮಾವ. ಆಕಿ ತಾನ ಬರಲಿ, ಆಕಿ ಕಣ್ಣ ಮುಂದ ಕೊಡ್ತೇನಿ ಅಂದ."

ಇಕಾ, ಈ ಹಾಳಿ ತುಂಬ ಬೈಗಳ ಬರಿಯಾಕಂತನ ಕುಂತೇನಿ. ಹಟಮಾರಿ. ಹುಟ್ಟಿದಾಗ ಅಡ್ಡ ಬಂದಾವ, ಅವತ್ತಿಂದ ನೆಟ್ಟಗಾಗಿಲ್ಲ. ಮೂರನೇ ಇಯತ್ತೆನಾಗ ಮಾಸ್ತರರ ಕುರ್ಚಿಗೆ ಗೋಂದ ಹಚ್ಚಿ ನನ್ನ ಹೆಸರು ಹೇಳಿದಾವ. ನನ್ನ ಮದವ್ಯಾಗ ಲಾಡು ಕದ್ದು ಜ್ವರ ಬರಿಸಿಕೊಂಡಾವ. ನಾ ನಿನ್ನ ಬಾಗಲಿಗೆ ಬರಬೇಕೇನು?

ಶಂಭುಲಿಂಗ ಇನ್ನೊಂದು ಹೇಳಿದ. ನಿನ್ನ ಬಲಗಡಿ ಎಲ್ಲಾ ದೇವರ ಜಗಲಿ ಮ್ಯಾಲೆ ಅದಾವಂತ, ಸಾಲಾಗಿ. ಪ್ರತಿ ಅಮಾಸಿಗೆ ಎಣ್ಣಿ ಹಚ್ಚಿ ಒರಸ್ತೀಯಂತ. ಹಚ್ಚು. ನನ್ನ ಹಲ್ಲಿ ತತ್ತಿ ಸುದ್ದಿ ನಿನಗ ಯಾರೂ ಹೇಳೂದಿಲ್ಲ.

ಮತ್ತ, ಚಾದ ಕಪ್ಪು ಹಿಡದ್ರ ಕೈ ನಡಗತೈತಿ ಮಾವಂದು ಅಂದ. ನಾಟಕ ಅದು. ಸಣ್ಣಾವಿದ್ದಾಗೂ ಸಾಲಿ ತಪ್ಪಿಸಾಕ ನಡಗ್ತಿದ್ದಿ.

ಅಕ್ಟೋಬರ್ 26

ಬಡಗ್ಯಾರ ನಾಸೀರಗ ಎಡಗಡಿ ಗಿಣಿ ಕೊಟ್ಟು, ಇದರ ಬಲಗಡಿ ಕೆತ್ತು ಅಂದೆ. ಎರಡು ದಿನಕ್ಕ ಕೆತ್ತಿ ತಂದ. ಎರದು ನೋಡಿದ್ರ ಒಂದು ಬದಿ ಗಿಣಿ, ಒಂದು ಬದಿ ಕೋಳಿ.

"ಅಜ್ಜಿ, ನನ್ನ ಕಡೆ ಬಾಗಲಾ ಮಾಡಿಸ್ರಿ, ಮಂಚಾ ಮಾಡಿಸ್ರಿ. ಇದು ನನ್ನ ಕೈಗೆ ನಿಲುಕೂ ಕೆಲಸ ಅಲ್ರಿ. ಆನಿ ಅಂದ್ರ ಆರು ತಿಂಗಳು ಬೇಕು."

ಹುಣ್ಣಿವಿಗೆ ಹತ್ತು ದಿನ ಐತಿ. ರಂಜನಾ ಮತ್ತ ಫೋನ್ ಮಾಡಿದ್ಲು, ಆನಿಗೆ ಎಷ್ಟು ದೊಡ್ಡ ತಾಟು ಬೇಕಾಕ್ಕೇತಿ ಅಂತ. ದೊಡ್ಡದ ತಗೋ ಅಂದೆ. ನನ್ನ ಬಾಯಿಗೆ ಬೀಗ ಹಾಕಬೇಕು, ಚಾಕಲೇಟಿಂದಲ್ಲ.

ಅಕ್ಟೋಬರ್ 30. ಹಾನಗಲ್

ಬಂದೇನಿ. ಬರಲೇಬೇಕಾತು. ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿ ಸರಕಾರದವರು ನನ್ನ ನೆವ ಕಸಗೊಂಡಾರ.

ಈಗ ಮಧ್ಯಾಹ್ನ. ನೀ ಒಳಗ ಗೊರಕಿ ಹೊಡ್ಯಾಕತ್ತೀ. ನಾ ಹಿತ್ತಲ ಕಟ್ಟಿ ಮ್ಯಾಲೆ ಕುಂತು ನಿನಗ ಬರಿಯಾಕತ್ತೇನಿ. ಯಾರರೆ ನೋಡಿದ್ರ ಹುಚ್ಚಿ ಅಂತಾರ.

ಮಾಸೂಮಾ ಜೋಡಿಗೆ ಬಂದ್ಲು. ಚಾಕಲೇಟ್ ಡಬ್ಬಿಗೆ ಬಿಸಲು ಬಡೀಬಾರದು ಅಂತ ಕೌದಿ ಸುತ್ತಿ ಎಳಿಕೂಸಿನಂಗ ತೊಡಿ ಮ್ಯಾಲೆ ಇಟ್ಕೊಂಡಿದ್ಲು. ಹಂಸಭಾವ್ಯಾಗ ಒಬ್ಬಾಕಿ ಹತ್ತಿದಾಕಿ, "ಎಷ್ಟು ತಿಂಗಳದ್ದವ್ವಾ?" ಅಂತ ಕೇಳಿದ್ಲು. "ಇವತ್ತ ಹುಟ್ಟಬೇಕ್ರಿ" ಅಂದ್ಲು ಮಾಸೂಮಾ.

ನೀ ಬಾಗಿಲಾಗ ನಿಂತಿದ್ದಿ. ಒಂಬತ್ತು ವರ್ಷದ ಮ್ಯಾಲೆ ನಿನ್ನ ಮೊದಲನೇ ಮಾತು ನನಗಲ್ಲ, ಮಾಸೂಮಾಗ, "ಬರ್ರಿ, ಒಳಗ ಬರ್ರಿ, ಕುಂಡ್ರಿ." ನನಗ ಆಮ್ಯಾಲೆ, "ಕಾಲು ತೊಳಕೋ." ಆತು. ತೊಳಕೊಂಡೆ.

ಜಗಲಿ ಮ್ಯಾಲಿಂದ ನೀ ಬಲಗಡಿ ಆನಿ ತಗದಿ, ಚೀಲದಿಂದ ನಾ ಎಡಗಡಿ ತಗದೆ. ಜೋಡಿಸಿದ್ವಿ. ಕೂಡಲಿಲ್ಲ. ನಿಂದು ಎಣ್ಣಿ ಕುಡದು ಉಬ್ಬಿತ್ತು, ನಂದು ಅಟ್ಟದ ಮ್ಯಾಲೆ ಒಣಗಿ ಸೆಟದಿತ್ತು. ನಡುವ ಬೆರಳ ಉಗರಷ್ಟು ಸಂದು.

"ನಿಂದ ಸೆಟದೈತಿ" ಅಂದಿ.

"ನಿಂದ ಉಬ್ಬೈತಿ" ಅಂದೆ.

"ಅಟ್ಟಕ್ಕ ಒಗದ್ರ ಸೆಟೀದ ಏನಾಕ್ಕೇತಿ?"

"ದಿನಾ ಅಭ್ಯಂಜನ ಮಾಡಿಸಿದ್ರ ಉಬ್ಬದ ಏನಾಕ್ಕೇತಿ?"

ಬಸಲಿಂಗವ್ವ ಚಾ ತಂದಾಕಿ, "ಚಲೋ ಆತು, ಮನ್ಯಾಗ ಸಪ್ಪಳ ಇರಲಾರದಂಗಾಗಿತ್ತು" ಅಂದು ಕಪ್ಪು ಇಟ್ಟು ಹೋದ್ಲು.

ಮಾಸೂಮಾ ಕೂತು ಸಂದು ನೋಡಿದ್ಲು. "ಸಕ್ಕರಿ ಪಾಕ ಆಗಿದ್ರ ಎಲ್ಲಾ ಸೋರತಿತ್ರಿ. ಚಾಕಲೇಟ್ ದಪ್ಪ ಐತಿ, ನಿಲ್ಲತೈತಿ. ಅಜ್ಜಾರ, ನೀವು ಬಿಗಿ ಹಿಡೀರಿ. ಅಜ್ಜಿ ಎರೀಲಿ."

ನೀ ಕೈ ಮುಂದ ಮಾಡಲಿಲ್ಲ. ಎರಡೂ ಕೈ ತೊಡಿ ಬುಡಕ್ಕ ಹಾಕ್ಕೊಂಡು ಕುಂತಿ. "ನಾ ಒಲ್ಲೆ. ಕೈ ನಿಲ್ಲಂಗಿಲ್ಲ." ಎಳದು ನೋಡಿದೆ. ಚಾದ ಕಪ್ಪಿನ ನಾಟಕ ಅಲ್ಲ ಅದು. ಗಾಳಿಗೆ ಅಲಗೂ ಎಲಿಯಂಗ ಎರಡೂ ಕೈ. ಬೆರಳು ಹಿಡದೆ, ನನ್ನ ಕೈಯಾಗೂ ನಡಗಿದ್ವು.

"ಇದು ಸಕ್ಕರಿ ಕಾಯಿಲಿದಲ್ಲಕ್ಕ. ನರದ್ದಂತ. ಎರಡು ವರ್ಷಾತು."

"ಹೇಳಬಾರದೇನೋ?"

"ಯಾರಿಗೆ ಹೇಳಲಿ?"

ಶಂಭುಲಿಂಗನ ಕೈಯಾಗ ಬಲಗಡಿ ಯಾಕ ಕೊಡಲಿಲ್ಲ ಅಂತ ಕೇಳಬೇಕಂತ ಹಿರೇಕೆರೂರಿಂದ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಕೇಳಲಿಲ್ಲ.

ಮಾಸೂಮಾ ಅನ್ನೂ ಹುಡುಗಿಗೆ ದೇವರು ಬಾಯಿ ಚಲೋ ಕೊಟ್ಟಾನ. "ಅಜ್ಜಾರ, ಹಿಡೀರಿ ಸುಮ್ನ. ಚಾಕಲೇಟಿನ್ಯಾಗ ಗಾಳಿ ಗುಳ್ಳಿ ನಿಲ್ಲತಾವ, ಅವು ಹೋಗಾಕ ಅಚ್ಚು ನಡಗಸಬೇಕ್ರಿ. ದೊಡ್ಡ ದೊಡ್ಡ ಊರಾಗ ಅದಕ್ಕ ನಡಗೂ ಮಷೀನ್ ಇಟ್ಟಿರ್ತಾರ. ನಾ ಮೇಜಿಗೆ ಕುಕ್ಕಿ ಕುಕ್ಕಿ ಸಾಯ್ತೇನಿ."

ನೀ ಆಕಿ ಮಾರಿ ನೋಡಿದಿ. ಆಮ್ಯಾಲೆ ನನ್ನ ಮಾರಿ. "ಹಂಗಾರ ನಾ ಕರೆಂಟಿಲ್ಲದ ಮಷೀನ್" ಅಂದಿ. ಅವತ್ತ ವಾಯ್ಸಿನಾಗ ಕೇಳಿದ್ದ ನಗು ಬಂತು, ಕೆಮ್ಮು ಸುದ್ದಾ.

ನೀ ಹಿಡದಿ, ನಾ ಎರದೆ. ನಿನ್ನ ಕೈಯಾಗ ಆನಿ ಗಡಗಡ ನಡಗಾಕತ್ತಿತ್ತು, ಮ್ಯಾಲಿನ ಬಾಯಿಂದ ಗುಳ್ಳಿ ಪುಳಕ್ ಪುಳಕ್ ಅಂತ ಏಳತಿದ್ವು. ಎರಡು ತಾಸು ಫ್ರಿಜ್ಜು. ಬಿಚ್ಚಿದ್ವಿ. ನಾಕು ಕಾಲು, ಎರಡು ಕಣ್ಣು, ಸೊಂಡಿಲಿದ್ದ ಕಡೆ ಬರೇ ಸೊಂಡಿಲು, ಬಾಲಿದ್ದ ಕಡೆ ಬರೇ ಬಾಲ. ಒಂದು ಗುಳ್ಳಿ ಇಲ್ಲ. ಸಂದಿನಾಗ ಸೇರಿದ್ದು ಮಾತ್ರ ತಲಿಯಿಂದ ಬಾಲದ ಮಟ ದಪ್ಪ ಏಣಾಗಿ ನಿಂತಿತ್ತು. ಕೆತ್ತಿ ತಗೀತೇನಿ ಅಂತ ಚಾಕು ತಗೊಂಡೆ. ಮಾಸೂಮಾ, "ಇರಲಿ ಬಿಡ್ರಿ, ಕೆತ್ತಾಕ ಹೋದ್ರ ಕಿವಿ ಮುರೀತೈತಿ" ಅಂದ್ಲು. ಜರಿ ಅಂಚು ಅಂತ ಹೇಳಿದ್ರಾತು ಬೀಗರಿಗೆ.

ನಾಳೆ ಮುಂಜಾನೆ ಬಸ್ಸಿಗೆ ಹೊಳ್ಳಿ ಹೋಗ್ತೇನಿ.

ನವೆಂಬರ್ 2. ಹಾನಗಲ್

ಇನ್ನೂ ಇಲ್ಲೇ ಅದೇನಿ. ಒಂಟಿ ಕುತಿಗಿ ಮುರದು ಬಂತು, ಮತ್ತ ಎರೀಬೇಕಾತು. ನವಿಲಿಂದೂ ಹಂಗ ಆತು. ಮಾಸೂಮಾ ಅವತ್ತ ಹೋದ್ಲು, ಆಕಿಗೆ ಮನಿ ಐತಿ. ನಿನ್ನ ಎಮ್ಮಿ ನನ್ನ ಗುರುತು ಹಿಡದೈತಿ ಅಂತೀ ನೀನು. ಅದು ಎಲ್ಲಾರನ್ನೂ ಹಂಗ ನೋಡತೈತಿ.

ನವೆಂಬರ್ 7. ಹಿರೇಕೆರೂರು

ತಮ್ಮ ಪರಮೇಶಪ್ಪಗ ಅಕ್ಕ ಮಾಡೂ ಆಶೀರ್ವಾದ.

ಈ ಹಾಳಿ ಹರದು ಕಳಸಾಕತ್ತೇನಿ. ಇದರ ಹಿಂದಿನವು ಕಳಸಂಗಿಲ್ಲ, ಅವರಾಗ ನಿನಗ ಬಾಳ ಬೈದೇನಿ. ನೀ ಹಿರೇಬೆಂಡಿಗೇರಿಗೆ ಬರ್ತೇನಿ ಅಂದಾವ, ಗಾಡಿ ಹತ್ತೂ ಹೊತ್ತಿಗೆ ಒಲ್ಲೆ ಅಂದಿ, ಮಂದಿ ಮುಂದ ಕೈ ನಡಗತೈತಿ ಅಂತ. ಬರಲಿಲ್ಲ, ಆದ್ದರಿಂದ ಏನಾತಂತ ಬರೀಬೇಕಾಗೇತಿ.

ನಲವತ್ತು ಅಂದಿದ್ರು, ಅರವತ್ತು ಮಂದಿ ಬಂದಿದ್ರು. ರಂಜನಾ ಖರೇನ ದೊಡ್ಡ ತಾಟು ತಂದಿದ್ಲು. ನಡುವ ಆನಿ, ಬಾಜೂ ಬಸವಣ್ಣ, ಒಂಟಿ, ನವಿಲು. ರಂಜನಾನ ಅಪ್ಪ ಕನ್ನಡಕ ಹಾಕ್ಕೊಂಡು ಸುತ್ತ ತಿರುಗಿ ನೋಡಿ, "ಈ ಏಣು ಏನ್ರಿ?" ಅಂದ್ರು. "ಜರಿ ಅಂಚ್ರಿ" ಅಂದೆ. "ಹೌದು, ಹೌದು" ಅಂದ್ರು, ಮೊದಲ ಗೊತ್ತಿದ್ದಾವ್ರಂಗ.

ಸಂಜಿಗೆ ಗೌರಿ ಮುಂದ ಹಾಡು ಸುರು ಆತು. ಯಾವ ಶಾಣ್ಯಾಕಿನೋ ವಾಡಿಕಿ ಪ್ರಕಾರ ತಾಟಿನಾಗ ಐದು ದೀಪ ಹಚ್ಚಿ ಇಟ್ಟುಬಿಟ್ಲು. ಸಕ್ಕರಿ ಆಗಿದ್ರ ನಡೀತಿತ್ತು. ನಾನೂ, ನಮ್ಮ ಜೋಡಿ ಬಂದಿದ್ದ ಮಾಸೂಮಾನೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಎರಡನೇ ಹಾಡಿಗೆ ಆನಿ ಮುಂದಿನ ಕಾಲು ಹೊಳೀಲಿಕ್ಕತ್ತಿದ್ವು. ಮೂರನೇ ಹಾಡಿಗೆ ಮೆತ್ತಗಾದ್ವು. ಆಮ್ಯಾಲೆ ಆನಿ ಸಾವಕಾಶ ಮುಂದ ಬಾಗಿ, ಮಣಕಾಲು ಊರಿ, ಸೊಂಡಿಲು ನೆಲಕ್ಕ ಹಚ್ಚಿತು. ಸತ್ತೆ ಅಂದ್ಕೊಂಡೆ. ಮುಂದ ಕುಂತಿದ್ದ ಒಬ್ಬ ಮುದಕಿ, "ಅವ್ವಾ! ಗೌರವ್ವಗ ಆನಿ ನಮಸ್ಕಾರ ಮಾಡಾಕತ್ತೇತಿ!" ಅಂತ ಚೀರಿದ್ಲು. ಅರವತ್ತು ಮಂದಿ ಕೈ ಮುಗದ್ರು. ನಾನೂ ಮುಗದೆ. ಮಾಸೂಮಾ ದುಪಟ್ಟಾ ತಲಿ ಮ್ಯಾಲೆ ಎಳಕೊಂಡು ಮಾರಿ ಮುಚ್ಚಿದ್ಲು. ಆಕಿ ಹೆಗಲು ಕುಣಿಯೂದು ನೋಡಿ ಭಕ್ತಿಗೆ ಅಳಾಕತ್ತಾಳ ಅಂದ್ಕೊಂಡ್ರು ಮಂದಿ.

ಆ ಮುದಕಿ ನನ್ನ ಕೈ ಹಿಡದು, "ಇಂಥಾ ಆನಿ ಯಾರು ಮಾಡಿದ್ರವ್ವಾ?" ಅಂದ್ಲು. "ನನ್ನ ತಮ್ಮಂದ್ರಿ, ಹಾನಗಲ್ಲಿನಾಂವ" ಅಂದೆ. ಗಡಿಬಿಡ್ಯಾಗ ಬಾಯಿಗೆ ಬಂದದ್ದು ಅಂದೆ. ಈಗ ಆ ಊರಾಗೆಲ್ಲಾ ನಿನ್ನ ಹೆಸರಾಗೇತಿ. ಮದವಿಗೂ ಅಂಥಾದ್ದ ಆನಿ ಬೇಕಂತ ಬೀಗರು ಕೂತಾರ, ನಮಸ್ಕಾರ ಮಾಡೂದ ಬೇಕಂತ. ರಂಜನಾ ಸೊಂಡಿಲು ಮುರದು ಸಂಜಯಗ ಅರ್ಧ ಕೊಟ್ಟು ಅರ್ಧ ತಾ ತಿಂದ್ಲು.

ಮನಿಗೆ ಬಂದು ಚೀಲ ಬಿಚ್ಚಿದ್ರ ಅಚ್ಚು ಒಂದೂ ಇಲ್ಲ ಅಂತ ಶಂಭುಲಿಂಗ ಗಾಬರಿ ಆದ. ಅಲ್ಲೇ ಬಿಟ್ಟು ಬಂದೇನಿ ಅಂದೆ. ಹದಿನೆಂಟು ಕಟಗಿ, ಮಣಕಾಲು ನೋಯ್ತಾವ, ಯಾರು ಹೊರಬೇಕು? ನಿನ್ನ ಜಗಲಿ ಮ್ಯಾಲೆ ಜಾಗಾ ಐತಿ, ಇಲ್ಲಿ ಹಲ್ಲಿ ಕಾಟ. ನೀ ಎಣ್ಣಿ ಹಚ್ಚೂ ಮುಂದ ಎಡಗಡಿಗೂ ಹಚ್ಚು. ಒಮ್ಮೆಲೇ ಬಾಳ ಹಚ್ಚಬ್ಯಾಡ.

ಮದವಿ ಮಾಘದಾಗ. ಎರಿಯಾಕ ಯಾವಾಗ ಕೂಡೂದು, ನಾ ಬರಲೋ, ನೀ ಬರ್ತೀಯೋ? ಬಸಲಿಂಗವ್ವನ ಕೇಳಿ ಬೇಗ ಕಾಗದ ಬರಿ. ಅಂಕಿತಾನ ಫೋನಿನಾಗ ನಕ್ಕು ಕಳಿಸಿದ್ರ ನಡಿಯಂಗಿಲ್ಲ, ಕಾಗದನ ಬರಿ. ಕೈ ನಡಗಿದ್ರ ನಡಗಲಿ. ನಿನ್ನ ಅಕ್ಷರ ಮೊದಲೂ ನೆಟ್ಟಗಿರಲಿಲ್ಲ.